ಬೆಂಕಿಗೆ ಮುಂಚೆ ಎಣಿಸಿದ್ದೇ ಎಣಿಕೆ: ಕಾಡ್ಗಿಚ್ಚು ಬೀಳುವ ಮೀಸಲು ಪ್ರದೇಶಗಳಲ್ಲಿ ಹಕ್ಕಿಗಳ ದೀರ್ಘಕಾಲಿಕ ಗಣತಿ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಒಂದು ಲೆಕ್ಕದಿಂದಲೇ ಶುರು ಮಾಡೋಣ.

ದಟ್ಟ ಕುರುಚಲು ಕಾಡಿನಲ್ಲಿ ಒಂದು ಕಡೆ ನಿಂತು ಹತ್ತು ನಿಮಿಷ ಹಕ್ಕಿ ಎಣಿಸುತ್ತೀರಿ. ಅಲ್ಲಿರುವ ಒಂದು ಸಣ್ಣ ಹಕ್ಕಿ ಸರಾಸರಿ 40 ಮೀಟರಿನೊಳಗಿದ್ದರೆ ಮಾತ್ರ ನಿಮ್ಮ ಕಣ್ಣಿಗೋ ಕಿವಿಗೋ ಬೀಳುತ್ತದೆ ಎಂದಿಟ್ಟುಕೊಳ್ಳಿ. ಬೆಂಕಿ ಬಂತು, ಪೊದೆಯೆಲ್ಲ ಹೋಯಿತು. ಈಗ ಅದೇ ಹಕ್ಕಿ 60 ಮೀಟರಿನಿಂದಲೂ ಗೊತ್ತಾಗುತ್ತದೆ. ಅಂದರೆ ನೀವು ಎಣಿಸುತ್ತಿರುವ ನೆಲ 2.25 ಪಟ್ಟು ದೊಡ್ಡದಾಯಿತು. ಹಕ್ಕಿಗಳು ನಿಜವಾಗಿ ಅರ್ಧಕ್ಕಿಳಿದಿದ್ದರೂ ಹಾಳೆಯಲ್ಲಿ ಮೊದಲಿಗಿಂತ ಶೇ. 12ರಷ್ಟು ಜಾಸ್ತಿ ಕಾಣುತ್ತದೆ! "ಬೆಂಕಿಯಿಂದ ಹಕ್ಕಿಗಳಿಗೆ ಏನೂ ಆಗಿಲ್ಲ" ಎಂಬ ವರದಿಗಳಲ್ಲಿ ಎಷ್ಟು ಈ ಒಂದೇ ಕಾರಣಕ್ಕೆ ಹುಟ್ಟಿದವೋ ಎಂಬ ಅನುಮಾನ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ಇದ್ದೇ ಇದೆ.

ಬೆಂಕಿ ಹಕ್ಕಿಗಳನ್ನು ಬದಲಿಸುತ್ತದೆ. ಹಕ್ಕಿಗಳನ್ನು ಕಾಣುವ ನಮ್ಮ ಶಕ್ತಿಯನ್ನೂ ಅದೇ ಹೊತ್ತಿಗೆ ಬದಲಿಸುತ್ತದೆ. ಇವೆರಡನ್ನೂ ಬಿಡಿಸಿ ನೋಡಬೇಕಾದರೆ ಬೆಂಕಿಗೆ ಮುಂಚಿನ ವರ್ಷಗಳ ಎಣಿಕೆ ಕೈಯಲ್ಲಿರಬೇಕು, ಅದೂ ದೂರದ ಅಳತೆಯ ಸಮೇತ. ಬೆಂಕಿ ಬಿದ್ದ ಮೇಲೆ ಅದನ್ನು ಎಲ್ಲಿಂದಲೂ ತರಲಾಗುವುದಿಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಎಷ್ಟು ದೀರ್ಘ ಎಂದರೆ ದೀರ್ಘ?

ಅಮೆರಿಕದ ಮಿಷಿಗನ್ ರಾಜ್ಯದ ಕಿರ್ಟ್‌ಲ್ಯಾಂಡ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಯ ಗಣತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬೆಂಕಿ ಮತ್ತು ಹಕ್ಕಿಯ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆ ಬೇರೆ ಹೆಚ್ಚಿಲ್ಲ. ಇದು ಗೂಡು ಕಟ್ಟುವುದು ನೆಲದ ಮೇಲೆ, ಎಳೆಯ ಜ್ಯಾಕ್ ಪೈನ್ ಮರಗಳ ಕೆಳಗೊಂಬೆಗಳ ಮರೆಯಲ್ಲಿ. ಮರಕ್ಕೆ ಸುಮಾರು 5ರಿಂದ 20 ವರ್ಷ ವಯಸ್ಸಾಗಿರಬೇಕು. ಅದಕ್ಕಿಂತ ಚಿಕ್ಕದಾದರೆ ಮರೆ ಸಾಲದು. ದೊಡ್ಡದಾದರೆ ಕೆಳಗೊಂಬೆ ಒಣಗಿ ಬೀಳುತ್ತದೆ, ಹಕ್ಕಿ ಜಾಗ ಬಿಡುತ್ತದೆ. ಜ್ಯಾಕ್ ಪೈನಿನ ಕಾಯಿಗಳು ಮೇಣದಂಥ ಅಂಟಿನಿಂದ ಬಿಗಿದುಕೊಂಡಿರುತ್ತವೆ. ಬೆಂಕಿಯ ಕಾವು ತಾಗಿದಾಗ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ. ಹೀಗಾಗಿ ಬೆಂಕಿ ಇಲ್ಲದಿದ್ದರೆ ಎಳೆ ಪೈನ್ ಇಲ್ಲ, ಎಳೆ ಪೈನ್ ಇಲ್ಲದಿದ್ದರೆ ವಾರ್ಬ್ಲರ್ ಇಲ್ಲ.

1951ರಲ್ಲಿ ಮೊದಲ ಸಲ ಪೂರ್ತಿ ಗಣತಿ ನಡೆಯಿತು. ಹಾಡುವ ಗಂಡುಗಳನ್ನು ಮಾತ್ರ ಎಣಿಸಿದರು: 432. ಹತ್ತು ವರ್ಷ ಬಿಟ್ಟು 1961ರಲ್ಲಿ 502. ಮತ್ತೆ ಹತ್ತು ವರ್ಷ ಬಿಟ್ಟು 1971ರಲ್ಲಿ ನೋಡಿದರೆ 201! ನಡುವಿನ ಹತ್ತು ವರ್ಷಗಳಲ್ಲಿ ಯಾವಾಗ ಕುಸಿಯಿತು, ಒಂದೇ ಏಟಿಗೋ ನಿಧಾನವಾಗಿಯೋ, ಹೇಳಲು ಯಾವ ದಾಖಲೆಯೂ ಇಲ್ಲ. ಅಲ್ಲಿಂದಾಚೆಗೆ ಪ್ರತಿ ವರ್ಷ ಎಣಿಸತೊಡಗಿದರು. ಇದರ ಗೂಡಿನಲ್ಲಿ ಕೌಬರ್ಡ್ ಎಂಬ ಹಕ್ಕಿ ಕೋಗಿಲೆಯ ಹಾಗೆ ಮೊಟ್ಟೆಯಿಟ್ಟು ಮರಿಗಳಿಗೆ ಕುತ್ತು ತರುತ್ತಿತ್ತು. 1972ರಿಂದ ಅವನ್ನು ಬೋನಿನಲ್ಲಿ ಹಿಡಿಯತೊಡಗಿದರು. ಕುಸಿತ ನಿಂತಿತು. ಆದರೆ ಸಂಖ್ಯೆ ಏರಲಿಲ್ಲ. 1974ರಲ್ಲೂ 167, 1987ರಲ್ಲೂ 167.

ನಡುವೆ 1980ರ ಮೇ ತಿಂಗಳಲ್ಲಿ ಇದೇ ಹಕ್ಕಿಗೆ ನೆಲೆ ಮಾಡಿಕೊಡಲೆಂದು ಹಚ್ಚಿದ ನಿಯಂತ್ರಿತ ಬೆಂಕಿ ಗೆರೆ ದಾಟಿ ಮ್ಯಾಕ್ ಲೇಕ್ ಸುತ್ತಿನ ಸುಮಾರು 24,000 ಎಕರೆ ಸುಟ್ಟಿತು. ಒಬ್ಬ ಸಿಬ್ಬಂದಿ ಜೀವ ಕಳೆದುಕೊಂಡರು, ಮನೆಗಳು ಹೋದವು. ಅದಾಗಿ ಏಳು ವರ್ಷವಾದರೂ ಒಟ್ಟು ಗಣತಿಯಲ್ಲಿ ಏರಿಕೆ ಇಲ್ಲ. 1987ರಲ್ಲಿ ಈ ಕಾರ್ಯಕ್ರಮ ನಿಂತಿದ್ದರೆ "ಕೌಬರ್ಡ್ ಹಿಡಿದದ್ದೂ ದಂಡ, ಬೆಂಕಿಯೂ ದಂಡ" ಎಂಬ ತೀರ್ಮಾನವೇ ಕಡತಕ್ಕೆ ಹೋಗುತ್ತಿತ್ತು. ಆ ಸುಟ್ಟ ನೆಲದ ಪೈನ್ ಮರಗಳು ಹಕ್ಕಿಗೆ ಬೇಕಾದ ವಯಸ್ಸಿಗೆ ಬಂದದ್ದು ಆಮೇಲೆ. 1990ರ ದಶಕದಲ್ಲಿ ಸಂಖ್ಯೆ ಏರುತ್ತ ಹೋಗಿ 2001ರ ಹೊತ್ತಿಗೆ ಸಾವಿರ ದಾಟಿತು. 2019ರಲ್ಲಿ ಅಳಿವಿನಂಚಿನ ಪ್ರಭೇದಗಳ ಪಟ್ಟಿಯಿಂದ ಹಕ್ಕಿಯನ್ನು ಕೈಬಿಟ್ಟರು. ಇಲ್ಲಿ ಎರಡು ಕಟ್ಟುಗಳಿದ್ದವು: ಕೌಬರ್ಡ್ ಒಂದು, ನೆಲೆಯ ಕೊರತೆ ಇನ್ನೊಂದು. ಎರಡೂ ಬಿಚ್ಚುವವರೆಗೆ ಸಂಖ್ಯೆ ಅಲ್ಲಾಡಲಿಲ್ಲ. ಇದು ತಿಳಿದದ್ದು ಎಣಿಕೆ ಎಡೆಬಿಡದೆ ನಡೆದದ್ದರಿಂದ.

ಇದಕ್ಕೆ ತದ್ವಿರುದ್ಧ ಗಡಿಯಾರ ಕಪ್ಪು ಬೆನ್ನಿನ ಮರಕುಟಿಗದ್ದು. ಉತ್ತರ ಅಮೆರಿಕದ ಸೂಚಿಪರ್ಣಿ ಕಾಡುಗಳಲ್ಲಿ ಮರ ಸುಟ್ಟು ನಿಂತ ಒಂದೆರಡು ವರ್ಷದಲ್ಲೇ ಇದು ಬಂದು ಸೇರುತ್ತದೆ. ಸುಟ್ಟ ಮರದಲ್ಲಿ ದುಂಬಿಯ ಹುಳುಗಳು ತುಂಬಿರುತ್ತವೆ, ಅದೇ ಅದರ ಊಟ. ಹುಳು ಮುಗಿಯುತ್ತ ಬಂದಂತೆ, ಏಳೆಂಟು ವರ್ಷದ ಸುಮಾರಿಗೆ, ಹಕ್ಕಿಯೂ ತೆಳುವಾಗುತ್ತದೆ. ಐದು ವರ್ಷಕ್ಕೊಮ್ಮೆ ಗಣತಿ ಮಾಡುವ ಕಾರ್ಯಕ್ರಮಕ್ಕೆ ಈ ಹಕ್ಕಿಯ ಕಥೆಯ ತಲೆ ಅಥವಾ ಬಾಲ ತಪ್ಪಿಹೋಗುತ್ತದೆ. ಆಸ್ಟ್ರೇಲಿಯದ ಮ್ಯಾಲಿ ಕುರುಚಲು ಕಾಡುಗಳಲ್ಲೋ, ಬೆಂಕಿ ಕಾಣದೆ ಹಲವು ದಶಕ ಕಳೆದ ನೆಲವೇ ಬೇಕೆನ್ನುವ ಹಕ್ಕಿಗಳಿವೆ. ಒಂದು ಮೀಸಲು ಪ್ರದೇಶದೊಳಗೇ ಹೀಗೆ ಹಲವು ಗಡಿಯಾರಗಳು ಓಡುತ್ತಿರುತ್ತವೆ. ಗಣತಿಯ ಅಂತರವನ್ನು ಅತಿ ವೇಗದ ಗಡಿಯಾರ ನೋಡಿ ಇಡಬೇಕು, ಒಟ್ಟು ಅವಧಿಯನ್ನು ಅತಿ ನಿಧಾನದ್ದನ್ನು ನೋಡಿ.

ಬಿಂದುಗಳನ್ನು ಎಲ್ಲಿಡಬೇಕು

ಬಿಂದು ಎಂದರೆ ಪ್ರತಿ ಸಲ ನಿಂತು ಎಣಿಸುವ ಗುರುತು ಮಾಡಿದ ಜಾಗ. ಬೆಂಕಿ ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಆದ್ದರಿಂದ ಎಲ್ಲಿ ಬಿದ್ದರೂ ಕೆಲವು ಬಿಂದು ಸುಟ್ಟು, ಅದೇ ಬಗೆಯ ಸಸ್ಯವರ್ಗದ ಕೆಲವು ಬಿಂದು ಉಳಿಯುವಂತೆ ಹಂಚಬೇಕು. ದಾರಿಯ ಪಕ್ಕದಲ್ಲೇ ಎಲ್ಲವನ್ನೂ ಇಟ್ಟರೆ ಓಡಾಟ ಸುಲಭ, ನಿಜ. ಆದರೆ ಬೆಂಕಿ ನಿಲ್ಲುವುದೂ ನಿಲ್ಲಿಸುವುದೂ ದಾರಿಯಲ್ಲೇ. ದಾರಿಯಂಚಿನ ಬಿಂದುಗಳಿಗೆ ಒಳಕಾಡಿನ ಬೆಂಕಿಯ ಅನುಭವ ಇರುವುದಿಲ್ಲ. ಮೊದಲು ಸಸ್ಯವರ್ಗದ ನಕ್ಷೆಯ ಮೇಲೆ ಹಳೆಯ ಬೆಂಕಿಗಳ ನಕ್ಷೆ ಹೊದಿಸಿ, "ಹುಲ್ಲುಗಾವಲು, ಐದು ವರ್ಷದೊಳಗೆ ಸುಟ್ಟದ್ದು", "ಕುರುಚಲು, ಇಪ್ಪತ್ತು ವರ್ಷದಿಂದ ಸುಡದ್ದು" ಎಂಬಂತೆ ವರ್ಗ ಮಾಡಿ, ಪ್ರತಿ ವರ್ಗದೊಳಗೆ ಚೀಟಿ ಎತ್ತಿದ ಹಾಗೆ ಬಿಂದು ಆರಿಸಿ. ಬಿಂದುಗಳ ನಡುವೆ ಕನಿಷ್ಠ 250 ಮೀಟರ್ ಇರಲಿ, ಇಲ್ಲದಿದ್ದರೆ ಒಂದೇ ಹಕ್ಕಿ ಎರಡು ಹಾಳೆಗೆ ಬರುತ್ತದೆ.

ಇನ್ನೊಂದು ತೊಡಕು ಸಂಖ್ಯಾಶಾಸ್ತ್ರದ್ದು. ಒಂದೇ ಬೆಂಕಿಯೊಳಗಿನ ಮೂವತ್ತು ಬಿಂದುಗಳು ಮೂವತ್ತು ಸಾಕ್ಷಿಗಳಲ್ಲ. ಅವೆಲ್ಲ ಒಂದೇ ದಿನ, ಒಂದೇ ಗಾಳಿಗೆ, ಒಂದೇ ಒಣಗಿನಲ್ಲಿ ಸುಟ್ಟವು. ಬೆಂಕಿಯ ಪರಿಣಾಮದ ಬಗ್ಗೆ ಮಾತಾಡುವಾಗ ಅದು ಒಂದೇ ಸಾಕ್ಷಿ. ಹತ್ತಿಪ್ಪತ್ತು ವರ್ಷದಲ್ಲಿ ಬೇರೆ ಬೇರೆ ಕಡೆ ಬಿದ್ದ ಬೆಂಕಿಗಳು ಸೇರಿದಾಗಲೇ ಸಾಕ್ಷಿ ಬಲಿಯುತ್ತದೆ.

ಸುಡದ ಬಿಂದುಗಳನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತೇವಲ್ಲ, ಅವೂ ನಿಷ್ಕಳಂಕವಲ್ಲ. ಬೆಂಕಿಯಿಂದ ಓಡಿದ ಹಕ್ಕಿಗಳು ಪಕ್ಕದ ಉಳಿದ ಕಾಡಿಗೆ ನುಗ್ಗುತ್ತವೆ. ಆ ವರ್ಷ ಅಲ್ಲಿ ಸಂಖ್ಯೆ ಏರುತ್ತದೆ. ಸುಟ್ಟ ಕಡೆ ಇಳಿಕೆ, ಉಳಿದ ಕಡೆ ಏರಿಕೆ, ಎರಡರ ಅಂತರ ನೋಡಿದರೆ ಬೆಂಕಿಯ ಪೆಟ್ಟು ಇದ್ದದ್ದಕ್ಕಿಂತ ದೊಡ್ಡದಾಗಿ ತೋರುತ್ತದೆ. ಅದಕ್ಕೆ ಹೋಲಿಕೆಯ ಬಿಂದುಗಳಲ್ಲಿ ಕೆಲವು ಬೆಂಕಿಯಂಚಿನ ಹತ್ತಿರ, ಕೆಲವು ಕಿಲೋಮೀಟರುಗಳಾಚೆ ಇರಬೇಕು. ಎರಡನ್ನೂ ಬೇರೆ ಬೇರೆಯಾಗಿಯೇ ವಿಶ್ಲೇಷಿಸಬೇಕು.

ಆಸ್ಟ್ರೇಲಿಯದ ಜರ್ವಿಸ್ ಬೇ ಬಳಿಯ ಬೂಡರೀ ರಾಷ್ಟ್ರೀಯ ಉದ್ಯಾನದಲ್ಲಿ ದೀರ್ಘಕಾಲಿಕ ಅಧ್ಯಯನಕ್ಕೆ ಬಿಂದುಗಳನ್ನು ಗುರುತಿಸಿದ ಹೊತ್ತಿಗೇ, 2003ರ ಡಿಸೆಂಬರಿನಲ್ಲಿ, ಬೆಂಕಿ ಬಿದ್ದು ಉದ್ಯಾನದ ಸುಮಾರು ಅರ್ಧ ಸುಟ್ಟಿತು. ಬಿಂದುಗಳು ಸುಟ್ಟ ಭಾಗದಲ್ಲೂ ಉಳಿದ ಭಾಗದಲ್ಲೂ ಇದ್ದುದರಿಂದ ಅಧ್ಯಯನ ಹಾಳಾಗಲಿಲ್ಲ, ಬೆಲೆ ಹೆಚ್ಚಿಸಿಕೊಂಡಿತು. ನೆಲದ ಮೇಲೆ ಓಡಾಡುವ, ಹಾರುವುದರಲ್ಲಿ ಸೋಮಾರಿಯಾದ ಈಸ್ಟರ್ನ್ ಬ್ರಿಸಲ್‌ಬರ್ಡ್ ಬೆಂಕಿಗೆ ಬಹಳ ಬೇಗ ಬಲಿಯಾಗುವ ಹಕ್ಕಿ ಎಂದೇ ಎಲ್ಲರೂ ನಂಬಿದ್ದರು. ಬೆಂಕಿಯ ನಡುವೆ ಸುಡದೆ ಉಳಿದ ತುಂಡುಗಳಿದ್ದ ಕಡೆ ಅದು ಊಹಿಸಿದ್ದಕ್ಕಿಂತ ಬೇಗ ಚೇತರಿಸಿಕೊಂಡಿತು. ಹಾಗಾಗಿ "ಎಷ್ಟು ಹೆಕ್ಟೇರ್ ಸುಟ್ಟಿತು" ಎನ್ನುವುದರಷ್ಟೇ "ಒಳಗೆ ಏನು ಉಳಿಯಿತು" ಎನ್ನುವುದನ್ನೂ ಅಳೆಯಬೇಕು.

ಗೂಟ, ಪಟ್ಟಿ, ಗುರುತು

ಸಣ್ಣ ವಿಷಯ, ಆದರೆ ಇದರಿಂದ ಹಾಳಾದ ಕಾರ್ಯಕ್ರಮಗಳು ಕಡಿಮೆಯಲ್ಲ. ಮರದ ಗೂಟ ಸುಡುತ್ತದೆ. ಪ್ಲಾಸ್ಟಿಕ್ ಟೇಪು, ಬಣ್ಣ, ಪಿವಿಸಿ ಕೊಳವೆ ಒಂದೂ ಉಳಿಯುವುದಿಲ್ಲ. ಅಲ್ಯುಮಿನಿಯಂ ಪಟ್ಟಿ ಲೋಹ ತಾನೇ ಎಂದು ನಂಬುತ್ತಾರೆ. ಅದು ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ, ಜೋರು ಬೆಂಕಿಯ ಜ್ವಾಲೆ ಅದನ್ನು ಸುಲಭವಾಗಿ ದಾಟುತ್ತದೆ. ಕೆಳಗೆ ಬಿದ್ದ ಮರದ ದಿಮ್ಮಿಯ ಪಕ್ಕ ಇಂಥ ಪಟ್ಟಿ ಕರಗಿ ನೆಲಕ್ಕೆ ಅಂಟಿದ ಹನಿಯಾಗಿ ಸಿಗುತ್ತದೆ. ಸತು ಲೇಪಿಸಿದ ಉಕ್ಕಿನ ಕಂಬಿ, ಅದಕ್ಕೆ ಅಂಕಿ ಕೊರೆದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಕಟ್ಟಲು ಸ್ಟೇನ್‌ಲೆಸ್ ತಂತಿ: ಇಷ್ಟಿದ್ದರೆ ಸಾಕು. ಲೇಪ ಬೆಂಕಿಯಲ್ಲಿ ಹೋದರೂ ಕಂಬಿ ನಿಲ್ಲುತ್ತದೆ. ಇದರ ಜೊತೆಗೆ ಒಂದು ಗಿಡ್ಡ ಉಕ್ಕಿನ ಸರಳನ್ನು ನೆಲಮಟ್ಟಕ್ಕಿಂತ ಕೆಳಗೆ ಹೊಡೆದಿಟ್ಟರೆ, ಆನೆಯೋ ಮನುಷ್ಯರೋ ಕಂಬಿ ಕಿತ್ತರೂ ಲೋಹಶೋಧಕದಿಂದ ಜಾಗ ಪತ್ತೆಯಾಗುತ್ತದೆ.

ಜಿಪಿಎಸ್ ಇದೆಯಲ್ಲ ಎನ್ನಬಹುದು. ಕೈಯಲ್ಲಿ ಹಿಡಿಯುವ ಜಿಪಿಎಸ್ ಮರಗಳ ಅಡಿಯಲ್ಲಿ ಐದರಿಂದ ಹತ್ತು ಮೀಟರ್ ಅತ್ತಿತ್ತ ತೋರಿಸುತ್ತದೆ. ಹಕ್ಕಿ ಎಣಿಕೆಗೆ ಅದು ನಡೆಯುತ್ತದೆ, ಸಸ್ಯ ಅಳತೆಗೆ ನಡೆಯುವುದಿಲ್ಲ. ಪ್ರತಿ ಬಿಂದುವಿನಿಂದ ನಾಲ್ಕು ದಿಕ್ಕಿಗೂ ಒಂದೊಂದು ಫೋಟೋ, ಪ್ರತಿ ವರ್ಷ, ಕಂಬಿಯ ಅದೇ ಎತ್ತರದಿಂದ ತೆಗೆಯಿರಿ. ಖರ್ಚಿಲ್ಲದ ಈ ಕೆಲಸ ಇಪ್ಪತ್ತು ವರ್ಷದ ನಂತರ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಣಿಸುವ ಕ್ರಮ

ಸೂರ್ಯೋದಯದಿಂದ ಮೂರು, ಹೆಚ್ಚೆಂದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮಳೆಯಿದ್ದರೆ, ಸಣ್ಣ ರೆಂಬೆಗಳು ಅಲ್ಲಾಡುವಷ್ಟು ಗಾಳಿಯಿದ್ದರೆ ಎಣಿಸಬೇಡಿ. ಬಿಂದು ಮುಟ್ಟಿದ ಮೇಲೆ ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ. ಆಮೇಲೆ ಹತ್ತು ನಿಮಿಷದ ಎಣಿಕೆಯನ್ನು ಐದೈದು ನಿಮಿಷದ ಎರಡು ಭಾಗವಾಗಿ ಬರೆಯಿರಿ. ಐದು ನಿಮಿಷ ಎಣಿಸುವ ಬೇರೆ ಕಾರ್ಯಕ್ರಮದ ಜೊತೆ ಮುಂದೆ ಹೋಲಿಸಲು ಅನುಕೂಲ. ಪ್ರತಿ ಹಕ್ಕಿಗೂ ಪ್ರಭೇದ, ಸಂಖ್ಯೆ, ಕಂಡದ್ದೋ ಕೇಳಿದ್ದೋ, ಮೊದಲು ಗೊತ್ತಾದಾಗ ಇದ್ದ ದೂರ, ಇಷ್ಟು ಬೇಕು. ಮೇಲೆ ಹಾರಿ ಹೋದವನ್ನು ಬೇರೆ ಅಂಕಣಕ್ಕೆ ಹಾಕಿ.

ದೂರ ಅಳೆಯುವುದೇ ಶುರುವಿನಲ್ಲಿ ಹೇಳಿದ ಲೆಕ್ಕಕ್ಕೆ ಮದ್ದು. ಹತ್ತಿರದ ಹಕ್ಕಿಗಳಿಗಿಂತ ದೂರದವು ಎಷ್ಟು ಬೇಗ ತಪ್ಪಿಹೋಗುತ್ತವೆ ಎಂಬ ವಕ್ರರೇಖೆಯನ್ನು ಸುಟ್ಟ ಕಾಡಿಗೊಂದು, ಸುಡದ ಕಾಡಿಗೊಂದು ಎಂದು ಬೇರೆಯಾಗಿ ಎಳೆದರೆ ನಿಜವಾದ ಸಾಂದ್ರತೆಯ ಅಂದಾಜು ಸಿಗುತ್ತದೆ. ಇದಕ್ಕೆ ಲೇಸರ್ ದೂರಮಾಪಕ ಬೇಕು. ಕಿವಿಗೆ ಬಿದ್ದ ಹಕ್ಕಿಗೆ ಅದು ಕೂತಿರಬಹುದಾದ ಮರಕ್ಕೆ ಗುರಿಯಿಟ್ಟು ಅಳೆಯಬೇಕು. ಅಂದಾಜಿನ ಮೇಲೆ ಬಿಟ್ಟರೆ ಎಲ್ಲರ ಹಾಳೆಯಲ್ಲೂ 20, 50, 100 ಎಂಬ ದುಂಡು ಅಂಕಿಗಳೇ ಗುಂಪು ಕಟ್ಟುತ್ತವೆ. ಸುಟ್ಟ ಕಾಡಿನಲ್ಲಿ ತಡೆಯುವ ಎಲೆಯಿಲ್ಲದೆ ದನಿ ಹತ್ತಿರ ಕೇಳಿದಂತಾಗಿ ದೂರವನ್ನು ಕಡಿಮೆ ಬರೆಯುವ ಅಪಾಯವೂ ಇದೆ. ಪ್ರತಿ ಋತುವಿನ ಮೊದಲು, ಎರಡೂ ಬಗೆಯ ಕಾಡಿನಲ್ಲಿ, ಸ್ಪೀಕರನ್ನು ಗೊತ್ತಿರುವ ದೂರದಲ್ಲಿ ಬಚ್ಚಿಟ್ಟು ಎಣಿಸುವವರ ಕಿವಿ ಪಳಗಿಸಿ.

ಒಂದೇ ಭೇಟಿಯಲ್ಲಿ ಹಕ್ಕಿ ಸಿಗದಿದ್ದರೆ ಅದು ಇಲ್ಲವೆಂದಲ್ಲ. ಒಂದು ಭೇಟಿಯಲ್ಲಿ ಸಿಗುವ ಸಾಧ್ಯತೆ 0.4 ಇರುವ ಹಕ್ಕಿ ಮೂರು ಭೇಟಿಯಲ್ಲಿ ಒಮ್ಮೆಯಾದರೂ ಸಿಗುವ ಸಾಧ್ಯತೆ 0.78, ನಾಲ್ಕರಲ್ಲಿ 0.87. ಆದ್ದರಿಂದ ಒಂದು ಋತುವಿನಲ್ಲಿ ಮೂರು ನಾಲ್ಕು ಸಲ ಹೋಗಬೇಕು. ಹಣ ಕಡಿಮೆಯಿದ್ದರೆ ಬಿಂದುಗಳನ್ನು ಕಡಿಮೆ ಮಾಡಿಕೊಳ್ಳಿ, ಭೇಟಿಗಳನ್ನಲ್ಲ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಒಪ್ಪದ ಸಂಖ್ಯಾಶಾಸ್ತ್ರಜ್ಞರಿದ್ದಾರೆ, ಸುಲಭವಾಗಿ ಕಾಣುವ ಹಕ್ಕಿಗಳ ಮಟ್ಟಿಗೆ ಅವರ ಮಾತೇ ಸರಿ.

ಎಣಿಸುವವರೂ ಒಂದು ಉಪಕರಣವೇ, ಸವೆಯುವ ಉಪಕರಣ. ಹೊಸಬರು ಮೊದಲ ವರ್ಷ ಕಡಿಮೆ ಹಕ್ಕಿ ಗುರುತಿಸುತ್ತಾರೆ, ಎರಡನೇ ವರ್ಷ ಏರಿಕೆ ಕಾಣುತ್ತದೆ. ಏರಿದ್ದು ಹಕ್ಕಿಯಲ್ಲ, ಅವರ ಪಳಗಿಕೆ. 1966ರಿಂದ ನಡೆಯುತ್ತಿರುವ ಉತ್ತರ ಅಮೆರಿಕದ ಬ್ರೀಡಿಂಗ್ ಬರ್ಡ್ ಸರ್ವೆಯ ದತ್ತಾಂಶದಲ್ಲೇ ಇದನ್ನು ಗುರುತಿಸಿದ್ದಾರೆ. ವಯಸ್ಸಾದಂತೆ ಏಳೆಂಟು ಕಿಲೋಹರ್ಟ್ಸ್ ಮೇಲಿನ ತೆಳು ದನಿಗಳು ಕಿವಿಗೆ ತಪ್ಪತೊಡಗುತ್ತವೆ. ಇವೆರಡನ್ನೂ ಪೂರ್ತಿ ತಡೆಯಲಾಗದು. ಆದರೆ ಒಬ್ಬರೇ ಸುಟ್ಟ ಬಿಂದುಗಳಿಗೆಲ್ಲ, ಇನ್ನೊಬ್ಬರೇ ಸುಡದ ಬಿಂದುಗಳಿಗೆಲ್ಲ ಹೋಗುವ ಏರ್ಪಾಡು ಮಾತ್ರ ಬೇಡವೇ ಬೇಡ. ಆಮೇಲೆ ಮನುಷ್ಯರ ವ್ಯತ್ಯಾಸ ಯಾವುದು, ಬೆಂಕಿಯದು ಯಾವುದು, ಯಾವ ಗಣಿತದಿಂದಲೂ ಬಿಡಿಸಲಾಗುವುದಿಲ್ಲ.

ಕೆಲವು ಹಕ್ಕಿಗಳಿಗೆ ಈ ಕ್ರಮ ಒಗ್ಗುವುದೇ ಇಲ್ಲ. ಪಶ್ಚಿಮ ಆಸ್ಟ್ರೇಲಿಯದ ನಾಯ್ಸಿ ಸ್ಕ್ರಬ್‌ಬರ್ಡ್ ಅಳಿದೇಹೋಯಿತೆಂದು ತಿಳಿದಿದ್ದರು. 1961ರಲ್ಲಿ ಟೂ ಪೀಪಲ್ಸ್ ಬೇಯಲ್ಲಿ ಮತ್ತೆ ಸಿಕ್ಕಿತು. ಅಲ್ಲಿ ಬರಬೇಕಿದ್ದ ಊರಿನ ಯೋಜನೆ ಕೈಬಿಟ್ಟು 1967ರಲ್ಲಿ ನಿಸರ್ಗಧಾಮ ಘೋಷಿಸಿದರು. ಪೊದೆಯೊಳಗೆ ಇಲಿಯಂತೆ ನುಸುಳುವ ಇದನ್ನು ನೋಡುವುದು ಅಪರೂಪ, ಗಂಡಿನ ಕೂಗು ಮಾತ್ರ ಕಿವಿಗಡಚಿಕ್ಕುತ್ತದೆ. ಅದಕ್ಕೆ ಗಡಿ ಕಾಯುತ್ತ ಹಾಡುವ ಗಂಡುಗಳನ್ನಷ್ಟೇ ನಕ್ಷೆಯಲ್ಲಿ ಗುರುತಿಸಿ ಎಣಿಸುತ್ತಾರೆ. ಹೆಣ್ಣು ಎಷ್ಟಿವೆ ಎಂಬುದು ಈ ಎಣಿಕೆಗೆ ಸಿಗುವುದಿಲ್ಲ. ಒಂದೇ ಬೆಂಕಿಗೆ ಎಲ್ಲವೂ ಹೋಗಬಾರದೆಂದು 1983ರಿಂದ ಬೇರೆ ಕಡೆಗಳಿಗೂ ಸಾಗಿಸಿದರು. ಆ ಎಚ್ಚರ ದೊಡ್ಡ ಮಾತು: 2015ರಲ್ಲಿ ಟೂ ಪೀಪಲ್ಸ್ ಬೇ ಸ್ವತಃ ಬೆಂಕಿಗೆ ಸಿಕ್ಕಿತು. ಇಂಥ ಏರ್ಪಾಡಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಆಸ್ಟ್ರೇಲಿಯದ ಮ್ಯಾಲಿ ಎಮು-ರೆನ್ ತೋರಿಸಿತು. 2014ರ ನ್ಗಾರ್ಕಟ್ ಬೆಂಕಿಯ ನಂತರ ಆ ರಾಜ್ಯದಲ್ಲಿ ಅದು ಇಲ್ಲವಾಯಿತು, ಮುಂದೆ ಬೇರೆ ರಾಜ್ಯದಿಂದ ಹಿಡಿದು ತರಬೇಕಾಯಿತು.

ಬೆಂಕಿಯನ್ನೂ ಅಳೆಯಬೇಕು

ಹಕ್ಕಿಯವರು ಹಕ್ಕಿಯನ್ನು ಚೆನ್ನಾಗಿ ಎಣಿಸಿ, ಬೆಂಕಿಯ ಅಂಕಣದಲ್ಲಿ "ಸುಟ್ಟಿದೆ / ಸುಟ್ಟಿಲ್ಲ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇದು ಸಾಲದು. ಹುಲ್ಲನ್ನಷ್ಟೇ ನೆಕ್ಕಿಕೊಂಡು ಹೋದ ನೆಲಬೆಂಕಿಯೂ ಮರದ ತಲೆಗೇರಿದ ಬೆಂಕಿಯೂ ಹಕ್ಕಿಗೆ ಒಂದೇ ಅಲ್ಲ.

ಉಪಗ್ರಹದಿಂದ ಸಿಗುವುದು ಇಷ್ಟು. ಹಸಿರೆಲೆ ಹತ್ತಿರದ ಅವಗೆಂಪು ಬೆಳಕನ್ನು ಹೆಚ್ಚು ಪ್ರತಿಫಲಿಸುತ್ತದೆ. ಸುಟ್ಟ ನೆಲ ಇನ್ನೂ ಉದ್ದದ ಅಲೆಯ ಅವಗೆಂಪನ್ನು ಹೆಚ್ಚು ಪ್ರತಿಫಲಿಸುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ, ಬೆಂಕಿಗೆ ಮುಂಚಿನ ಬೆಲೆಯಿಂದ ನಂತರದ ಬೆಲೆ ಕಳೆದರೆ ಸುಟ್ಟ ತೀವ್ರತೆಯ ಸೂಚ್ಯಂಕ. ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ 30 ಮೀಟರ್ ಚೌಕದಲ್ಲಿ 1980ರ ದಶಕದಿಂದ ಇದು ಸಾಧ್ಯ, ಸೆಂಟಿನೆಲ್-2ರಲ್ಲಿ 20 ಮೀಟರ್ ಚೌಕದಲ್ಲಿ. ಎಲ್ಲಿ ಕೈಕೊಡುತ್ತದೆ? ಮೇಲಿನ ಕೊಡೆ ಹಸಿರಾಗಿಯೇ ಉಳಿದು ಕೆಳಗೆ ಮಾತ್ರ ಸುಟ್ಟಿದ್ದರೆ ಉಪಗ್ರಹಕ್ಕೆ ಕಾಣದು. ಎಲೆ ಉದುರಿಸುವ ಕಾಡಿನಲ್ಲಿ, ಎಲೆಯಿದ್ದಾಗಿನ ಚಿತ್ರವನ್ನೂ ಎಲೆ ಉದುರಿದ ಮೇಲಿನ ಚಿತ್ರವನ್ನೂ ಹೋಲಿಸಿದರೆ ಬೆಂಕಿಯೇ ಬೀಳದ ಕಾಡು ಸುಟ್ಟಂತೆ ತೋರುತ್ತದೆ. ಹಿಂದಿನ ವರ್ಷದ ಅದೇ ತಿಂಗಳಿನ ಚಿತ್ರದ ಜೊತೆ ಹೋಲಿಸಬೇಕು. ಹುಲ್ಲುಗಾವಲು ಒಂದು ಮಳೆಗೆ ಚಿಗುರಿಬಿಡುತ್ತದೆ, ತಡವಾಗಿ ತೆಗೆದ ಚಿತ್ರದಲ್ಲಿ ಬೆಂಕಿಯ ಗುರುತೇ ಇರುವುದಿಲ್ಲ.

ಆದ್ದರಿಂದ ನೆಲದಲ್ಲಿ ನಿಂತು ಅಳೆಯಬೇಕು, ಅದೂ ಮೊದಲ ಕೆಲವು ವಾರಗಳಲ್ಲಿ. ಬಿಂದುವಿನ ಸುತ್ತ 50 ಮೀಟರಿನಲ್ಲಿ ಐದು ಕಡೆ: ಕಾಂಡದ ಮೇಲೆ ಮಸಿ ಎಷ್ಟು ಎತ್ತರಕ್ಕಿದೆ, ಎಲೆ ಬಾಡಿ ಕೆಂಪಾದ ಎತ್ತರ ಎಷ್ಟು, ಬೂದಿ ಕಪ್ಪೋ ಬಿಳಿಯೋ, ಸುಡದೆ ಉಳಿದ ನೆಲ ಶೇಕಡ ಎಷ್ಟು. ಇನ್ನೊಂದು ಬಹಳ ಒಳ್ಳೆಯ ಅಳತೆ, ಸುಟ್ಟ ಪೊದೆಯಲ್ಲಿ ಉಳಿದಿರುವ ಅತಿ ತೆಳು ಕಡ್ಡಿಯ ತುದಿಯ ದಪ್ಪ. ಹಗುರ ಬೆಂಕಿಯಲ್ಲಿ ಒಂದೆರಡು ಮಿಲಿಮೀಟರಿನ ಕಡ್ಡಿಗಳೂ ಉಳಿಯುತ್ತವೆ. ಉಗ್ರ ಬೆಂಕಿಯಲ್ಲಿ ಬೆರಳು ದಪ್ಪದವೂ ಹೋಗಿ ಬುಡದ ಮೋಟು ಮಾತ್ರ ಇರುತ್ತದೆ. ಒಂದು ವರ್ನಿಯರ್ ಕ್ಯಾಲಿಪರ್ ಹಿಡಿದು ಬಿಂದುವಿಗೆ ಹತ್ತು ಪೊದೆ ಅಳೆದರೆ ಸಾಕು. ಈ ಹಂತದಲ್ಲಿ ಹಕ್ಕಿಗಿಂತ ಜನರ ಸುರಕ್ಷೆ ಮುಖ್ಯ. ಬುಡ ಸುಟ್ಟ ಮರಗಳು ಗಾಳಿಯಿಲ್ಲದೆಯೂ ಬೀಳುತ್ತವೆ, ಬೇರು ನೆಲದೊಳಗೆ ದಿನಗಟ್ಟಲೆ ಉರಿಯುತ್ತ ಮೇಲಿನ ಮಣ್ಣು ಪೊಳ್ಳಾಗಿರುತ್ತದೆ. ಅರಣ್ಯ ಸಿಬ್ಬಂದಿ ಹೋಗಬಹುದೆಂದು ಹೇಳುವವರೆಗೆ ಒಳಗೆ ಕಾಲಿಡಬಾರದು.

ಹಿಂದಿನ ಬೆಂಕಿಯಿಂದ ಈ ಬೆಂಕಿಗೆ ಎಷ್ಟು ವರ್ಷ ಎಂಬುದನ್ನೂ ತಪ್ಪದೆ ಬರೆಯಿರಿ. ಬೀಜದಿಂದಲೇ ಮರುಹುಟ್ಟು ಪಡೆಯುವ ಗಿಡಗಳು ಕಾಯಿ ಕಟ್ಟುವ ಮೊದಲೇ ಎರಡನೇ ಬೆಂಕಿ ಬಂದರೆ ಆ ಗಿಡವೇ ಅಲ್ಲಿಂದ ಅಳಿಯುತ್ತದೆ. ಆಮೇಲೆ ಹಕ್ಕಿ ಮರಳದಿರುವುದಕ್ಕೆ ಕಾರಣ ಒಂದು ಬೆಂಕಿಯಲ್ಲ, ಎರಡರ ನಡುವಿನ ಅಂತರ.

ಸಂಖ್ಯೆ ಸುಳ್ಳು ಹೇಳುವ ಎರಡು ಸಂದರ್ಭ

ಬೆಂಕಿ ಉರಿಯುವಾಗ ಮತ್ತು ಆರಿದ ಕೂಡಲೇ ಗಿಡುಗ, ಕಾಜಾಣ, ನೀಲಕಂಠಗಳಂಥ ಹಕ್ಕಿಗಳು ಓಡುವ ಕೀಟ, ಹಲ್ಲಿ, ಇಲಿಗಳಿಗಾಗಿ ದೂರದಿಂದ ಬಂದು ಸೇರುತ್ತವೆ. ಉತ್ತರ ಆಸ್ಟ್ರೇಲಿಯದಲ್ಲಿ ಕೆಲವು ಗಿಡುಗಗಳು ಉರಿಯುವ ಕಡ್ಡಿಯನ್ನು ಒಯ್ದು ಬೇರೆಡೆ ಬೀಳಿಸಿ ಬೆಂಕಿ ಹಬ್ಬಿಸುತ್ತವೆಂದು ಅಲ್ಲಿನ ಮೂಲನಿವಾಸಿಗಳು ಬಹಳ ಹಿಂದಿನಿಂದ ಹೇಳುತ್ತಿದ್ದುದನ್ನು ವಿಜ್ಞಾನ ಪತ್ರಿಕೆಗಳು ದಾಖಲಿಸಿದ್ದು 2017ರಲ್ಲಿ! ಈ ಹಕ್ಕಿಗಳ ಏರಿಕೆ ಅಲ್ಲಿನ ಸಂತತಿಯ ಏರಿಕೆಯಲ್ಲ, ಒಂದೆರಡು ವಾರದ ಸಂತೆ.

ಎರಡನೆಯದು ಇದಕ್ಕಿಂತ ಮೋಸದ್ದು. ವಯಸ್ಸಾದ ಹಕ್ಕಿಗಳು ತಮ್ಮ ಗಡಿ ಬಿಡುವುದಿಲ್ಲ. ಸುಟ್ಟ ನೆಲದಲ್ಲೇ ನಿಂತು ಹಾಡುತ್ತವೆ, ಎಣಿಕೆಗೂ ಸಿಗುತ್ತವೆ. ಗೂಡು ಮಾತ್ರ ಇಲ್ಲ, ಅಥವಾ ಮರೆಯಿಲ್ಲದೆ ಗೂಡೆಲ್ಲ ಹಾವು ಕಾಗೆಗಳ ಪಾಲು. ಎರಡು ಮೂರು ವರ್ಷ ಸಂಖ್ಯೆ ಹಾಗೇ ಇದ್ದು, ಹಳೆಯವು ಸತ್ತಾಗ ಒಮ್ಮೆಲೇ ಕುಸಿಯುತ್ತದೆ. ಇದನ್ನು ಮುಂಚೆಯೇ ಹಿಡಿಯಬೇಕಾದರೆ ಮರಿಗಳ ಪ್ರಮಾಣ ಗೊತ್ತಿರಬೇಕು. ಅದಕ್ಕೆ ಮಿಸ್ಟ್ ನೆಟ್ ಎಂಬ ತೆಳು ಬಲೆ ಹಾಕಿ, ಹಿಡಿದು, ಉಂಗುರ ತೊಡಿಸಿ, ವಯಸ್ಸು ನೋಡಿ ಬಿಡುವ ಕೆಲಸ ಜೊತೆಗೆ ನಡೆಯಬೇಕು. ಸಾಮಾನ್ಯವಾಗಿ 12 ಮೀಟರ್ ಉದ್ದದ ಬಲೆಗಳು, ಪ್ರತಿ ವರ್ಷ ಅದೇ ಜಾಗ, ಅಷ್ಟೇ ಸಂಖ್ಯೆ, ಅಷ್ಟೇ ಗಂಟೆ. ಬ್ರಿಟನ್ನಿನಲ್ಲಿ 1983ರಿಂದ ನಡೆಯುತ್ತಿರುವ ಇಂಥ ಯೋಜನೆಯ ತಿರುಳೇ ಈ ಸಮಾನ ಶ್ರಮ. ಬೆಂಕಿಯ ನಂತರ ಬಲೆಗೂ ಮರೆ ಇರುವುದಿಲ್ಲ; ಬಿಸಿಲಿನಲ್ಲಿ ಮಿನುಗುವ ಬಲೆಯನ್ನು ಹಕ್ಕಿ ಕಂಡು ತಪ್ಪಿಸಿಕೊಳ್ಳುತ್ತದೆ, ಒಟ್ಟು ಹಿಡಿತ ಇಳಿಯುತ್ತದೆ. ಒಟ್ಟು ಸಂಖ್ಯೆಯನ್ನು ಆ ವರ್ಷ ನಂಬಬೇಡಿ, ಮರಿ ಮತ್ತು ದೊಡ್ಡವುಗಳ ಅನುಪಾತ ನೋಡಿ. ನೆರಳಿಲ್ಲದ ಕಡೆ ಅರ್ಧ ಗಂಟೆಗೊಮ್ಮೆ ಬಲೆ ನೋಡಿದರೆ ಸಾಲದು, ಹಕ್ಕಿ ಬಿಸಿಲಿಗೆ ಸಾಯುತ್ತದೆ. ಕಾಲು ಗಂಟೆಗೊಮ್ಮೆ ಹೋಗಿ, ಬಿಸಿಲೇರಿದರೆ ಮುಚ್ಚಿಬಿಡಿ. ಇದು ಪರವಾನಗಿ ಮತ್ತು ತರಬೇತಿ ಇಲ್ಲದವರು ಮಾಡುವ ಕೆಲಸವಲ್ಲ.

ಸಭಿಕರ ಪ್ರಶ್ನೆಗಳಿಂದ

ಈಗ ಧ್ವನಿಮುದ್ರಕ ಮತ್ತು ಕಂಪ್ಯೂಟರ್ ಇರುವಾಗ ಜನ ಯಾಕೆ ಬೇಕು ಎಂದು ಒಬ್ಬರು ಕೇಳಿದರು. ಮುದ್ರಕಗಳು ಬಹಳ ಒಳ್ಳೆಯವು. ಬೆಂಕಿಯ ಮರುವಾರ ಜನ ಹೋಗಲಾಗದ ಕಡೆಯೂ ಕೇಳಿಸಿಕೊಂಡಿರುತ್ತವೆ, ಅವೇ ಸುಟ್ಟಿರದಿದ್ದರೆ. 48 ಕಿಲೋಹರ್ಟ್ಸ್, 16 ಬಿಟ್, ಒಂದೇ ವಾಹಿನಿಯಲ್ಲಿ ಮುದ್ರಿಸಿದರೆ ನಿಮಿಷಕ್ಕೆ 5.76 ಎಂಬಿ. ಬೆಳಗಿನ ಮೂರು ಗಂಟೆಯಲ್ಲಿ ಹತ್ತು ನಿಮಿಷಕ್ಕೊಂದು ನಿಮಿಷದಂತೆ ದಿನಕ್ಕೆ 18 ನಿಮಿಷ, ಅಂದರೆ ಸುಮಾರು 104 ಎಂಬಿ. 32 ಜಿಬಿ ಕಾರ್ಡು ಹತ್ತು ತಿಂಗಳು ಬರುತ್ತದೆ, ಬ್ಯಾಟರಿ ಅದಕ್ಕೆ ಮೊದಲೇ ಮುಗಿಯುತ್ತದೆ. ದನಿ ಕೇಳಿ ಹಕ್ಕಿ ಗುರುತಿಸುವ ಬರ್ಡ್‌ನೆಟ್‌ನಂಥ ತಂತ್ರಾಂಶ ಪ್ರತಿ ಗುರುತಿಗೆ ಒಂದು ಅಂಕ ಕೊಡುತ್ತದೆ. 0.8 ಎಂದರೆ ನೂರಕ್ಕೆ ಎಂಬತ್ತು ಸರಿ ಎಂದು ಅರ್ಥವಲ್ಲ. ಪ್ರತಿ ಪ್ರಭೇದಕ್ಕೂ ಬೇರೆ ಬೇರೆ ಅಂಕಗಳ ತುಣುಕುಗಳನ್ನು ಆರಿಸಿ, ಕಿವಿಯಿಂದ ಕೇಳಿ, ಎಲ್ಲಿಂದ ನಂಬಬಹುದೆಂದು ಗೆರೆ ಎಳೆಯಬೇಕು. ಆ ಗೆರೆ ಸುಟ್ಟ ಕಾಡಿಗೂ ಸುಡದ ಕಾಡಿಗೂ ಬೇರೆಯಾಗಬಹುದು. ಮೈಕು ವರ್ಷದಿಂದ ವರ್ಷಕ್ಕೆ ಮಂದವಾಗುತ್ತದೆ. ಋತುವಿಗೊಮ್ಮೆ ಒಂದೇ ದನಿಯನ್ನು ಒಂದೇ ದೂರದಿಂದ ನುಡಿಸಿ ಪರೀಕ್ಷಿಸದಿದ್ದರೆ ಆ ಮಂದತನವೇ ಹಕ್ಕಿಗಳ ಇಳಿಕೆಯಾಗಿ ವರದಿಗೆ ಬರುತ್ತದೆ. ಜನರಿಂದ ಯಂತ್ರಕ್ಕೆ ಬದಲಾಗುವುದೇ ಆದರೆ ಕನಿಷ್ಠ ಎರಡು ಋತು ಎರಡೂ ಜೊತೆಗೆ ನಡೆಯಲಿ.

ಸಾರ್ವಜನಿಕರು ಇ-ಬರ್ಡ್ ಎಂಬ ಜಾಲತಾಣಕ್ಕೆ ಹಾಕುವ ಪಟ್ಟಿಗಳು ಸಾಲವೇ ಎಂಬುದು ಇನ್ನೊಂದು ಪ್ರಶ್ನೆ. ಯಾವ ಹಕ್ಕಿ ಯಾವ ತಿಂಗಳು ಬರುತ್ತದೆ, ಎಲ್ಲಿಯವರೆಗೆ ಹರಡಿದೆ ಎನ್ನುವುದಕ್ಕೆ ಅವು ಚೆನ್ನ. ಬೆಂಕಿಯ ನಂತರ ಮೀಸಲು ಪ್ರದೇಶಕ್ಕೆ ಪ್ರವೇಶ ಮುಚ್ಚುತ್ತಾರೆ, ತೆರೆದ ಮೇಲೆ ಜನ ದಾರಿಯಲ್ಲೇ ಸುತ್ತುತ್ತಾರೆ. ನಮಗೆ ಅತಿ ಅಗತ್ಯವಾದ ಹೊತ್ತಿನಲ್ಲೇ ಅದು ಖಾಲಿ.

ಬಿಡುವಿಲ್ಲದೆ ಹಣ ಸಿಗುವುದಿಲ್ಲವಲ್ಲ, ಏನು ಮಾಡೋಣ? ಎಲ್ಲ ಬಿಂದುಗಳಿಗೂ ಪ್ರತಿ ವರ್ಷ ಹೋಗಬೇಕಿಲ್ಲ. ಅರ್ಧದಷ್ಟಕ್ಕೆ ಪ್ರತಿ ವರ್ಷ, ಉಳಿದವಕ್ಕೆ ಮೂರು ಗುಂಪು ಮಾಡಿ ಸರದಿಯಲ್ಲಿ ಮೂರು ವರ್ಷಕ್ಕೊಮ್ಮೆ ಹೋಗಿ. ಬಜೆಟ್ಟಿನಲ್ಲಿ ಒಂದು ಪಾಲನ್ನು ಮುಟ್ಟದೆ ಎತ್ತಿಡಿ. ಬೆಂಕಿ ಬಿದ್ದ ವರ್ಷ ಸುಟ್ಟ ಬಿಂದುಗಳಿಗೆಲ್ಲ, ಸರದಿ ಯಾವುದೇ ಇರಲಿ, ಮೊದಲ ತಿಂಗಳೊಳಗೆ ಒಮ್ಮೆ, ಮುಂದಿನ ಗೂಡುಕಟ್ಟುವ ಋತುವಿನಲ್ಲಿ ಪೂರ್ತಿ, ಆಮೇಲೆ ಐದು ವರ್ಷ ತಪ್ಪದೆ ಹೋಗಲು ಅದು ಬೇಕು. ಹಣ ಕೇಳಲು ಅರ್ಜಿ ಬರೆದು ಮಂಜೂರಾಗುವ ಹೊತ್ತಿಗೆ ಕಡ್ಡಿಯ ದಪ್ಪ ಅಳೆಯುವ ಕಾಲ ಮುಗಿದಿರುತ್ತದೆ.

ಕೊನೆಯ ಪ್ರಶ್ನೆ ದತ್ತಾಂಶ ಇಡುವ ಬಗ್ಗೆ. ಹೋಗಿ ನೋಡಿ ಹಕ್ಕಿ ಸಿಗದಿದ್ದರೆ ಸೊನ್ನೆ, ಹೋಗದೇ ಇದ್ದರೆ ಖಾಲಿ. ಇವೆರಡನ್ನು ಕಲಸಿದ ಕಡತ ಹತ್ತು ವರ್ಷದ ನಂತರ ಯಾರ ಉಪಯೋಗಕ್ಕೂ ಬರುವುದಿಲ್ಲ, ಏಕೆಂದರೆ ಬೆಂಕಿಯ ವರ್ಷದಲ್ಲಿ ಹೋಗಲಾಗದ ಬಿಂದುಗಳೇ ಹೆಚ್ಚು. ಪ್ರತಿ ಭೇಟಿಗೂ ಎಣಿಸಿದವರ ಗುರುತುಸಂಖ್ಯೆ, ಆರಂಭದ ಸಮಯ, ಗಾಳಿ, ಮೋಡ ಇರಲಿ. ಹಕ್ಕಿಗಳ ಹೆಸರು ಮತ್ತು ವರ್ಗೀಕರಣ ಬದಲಾಗುತ್ತಲೇ ಇರುತ್ತದೆ, ಯಾವ ವರ್ಷದ ಪಟ್ಟಿ ಬಳಸಿದ್ದೀರಿ ಎಂದು ಬರೆದಿಡಿ. ಹೊಲದ ಹಾಳೆಗಳನ್ನು ಅದೇ ವಾರ ಸ್ಕ್ಯಾನ್ ಮಾಡಿ, ಒಂದು ಪ್ರತಿಯನ್ನು ಮೀಸಲು ಪ್ರದೇಶದ ಹೊರಗಿನ ಕಟ್ಟಡದಲ್ಲಿ ಇಡಿ. ಕ್ಷೇತ್ರ ಕೇಂದ್ರಗಳೂ ಸುಡುತ್ತವೆ.